ಹನ್ನೊಂದು ದಿನ ಏಳದೆ ಹೊಲಿದವಳು

ಶಿಂಷಾ ದಂಡೆ, ನಾಲ್ಕನೆಯ ಹೊಲಿಗೆಮನೆ
ಮುಗಿಲು ವರ್ಷ ಎಪ್ಪತ್ತು, ಎರಡನೆಯ ಪಾಳಿತಿಂಗಳು, ಮೂವತ್ತೆಂಟನೆಯ ತಾರೀಖು

ಗಾರ್ಮೆಂಟ್ ಕಾರ್ಖಾನೆಗಳ ಎಚ್.ಆರ್. ಕೋಣೆಯಲ್ಲಿ ಮೇಜಿನ ಹಿಂದೆ ಕೂತಿರುವವರಿಗೂ, ಅದೇ ಕೋಣೆಯ ಹೊರಗೆ ರಜೆ ಚೀಟಿ ಹಿಡಿದು ಬೆಂಚಿನ ಮೇಲೆ ಕಾಯುತ್ತಿರುವವರಿಗೂ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಪಾಳಿಗಳು ಸರಿಯಾಗಿ ಭಾಗವಾಗಲೆಂದು ಹಾಗೆ ಮಾಡಿದ್ದಾರೆ. ಉಳಿಯುವ ಐದು ದಿನಕ್ಕೆ ಹೆಸರಿಲ್ಲ. ಅವು ಯಂತ್ರಗಳಿಗೆ ಎಣ್ಣೆ ಬಿಡುವ ದಿನಗಳು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಶಾಲೆಯಲ್ಲಿ ನಮಗೆ ಕಲಿಸಿದ್ದು ಯಂತ್ರದ ಮೇಲಿನ ಚಿಹ್ನೆಗಳನ್ನು ಮಾತ್ರ. ಉದ್ದದ ವಾಕ್ಯ ಓದಲು ನಾನು ಕಲಿತದ್ದು ಕರಪತ್ರಗಳಿಂದ. ನಮ್ಮ ಹೊಲಿಗೆಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಒಂದು ಕಾಲು ಗಿಡ್ಡ. ಅದಕ್ಕೆ ಒತ್ತು ಕೊಡಲು ಯಾರೋ ಬಹಳ ಹಿಂದೆ ಒಂದು ಕಟ್ಟು ಕಾಗದ ತುರುಕಿದ್ದರು. ಅವು ನಿಮ್ಮ ಕಾಲದ ಮತ್ತು ನಿಮ್ಮ ನಂತರದ ಹತ್ತು ಹದಿನೈದು ವರ್ಷದ ಕಾರ್ಮಿಕ ಸಂಘಗಳ ಕರಪತ್ರಗಳು. ಮನವಿ, ಮುಷ್ಕರ, ಧಿಕ್ಕಾರ, ಬೇಡಿಕೆ ಎಂಬ ಪದಗಳನ್ನು ನಾನು ಮೊದಲು ಕಂಡದ್ದು ಅಲ್ಲಿ. ಅವುಗಳ ಅರ್ಥವನ್ನು ಊಹಿಸಿಕೊಂಡೆ. ಕೆಲವು ತಪ್ಪಾಗಿ ಊಹಿಸಿರಬಹುದು.

ಪತ್ರ ನಿಮಗೆ ತಲುಪುತ್ತದೆಯೇ ಎಂಬುದು ನನಗೆ ತಿಳಿಯದು. ಆದರೆ ಮುಗಿಲಿನಲ್ಲಿ ಹಳೆಯದು, ಹೊಸದು ಎಂಬ ಭೇದವಿಲ್ಲ. ಎಲ್ಲವೂ ಒಂದೇ ಕಡೆ, ಪಕ್ಕಪಕ್ಕದಲ್ಲಿ ಇದೆ. ನಿಮ್ಮ ವರ್ಷದ ರಜೆ ಅರ್ಜಿಗಳ ನಡುವೆ ಇದನ್ನು ಇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಅರ್ಜಿ ಹುಡುಕುವಾಗ ಇದು ಕೈಗೆ ಸಿಗಲಿ.

ನೀವು ಕ್ಲೌಡ್ ಎನ್ನುತ್ತಿದ್ದುದನ್ನು ನಾವು ಮುಗಿಲು ಎನ್ನುತ್ತೇವೆ. ನೀವು ಈಗ ಏನು ಮಾಡುತ್ತಿದ್ದೀರಿ ಎಂದು ನನಗೆ ಗೊತ್ತು. ಕಬ್ಬಿಣದ ಬೀರುಗಳಿಂದ ಹಾಜರಿ ಪುಸ್ತಕಗಳನ್ನು ಇಳಿಸಿ, ರಜೆ, ಪಾಳಿ, ಬಡ್ತಿ, ದೂರು ಎಲ್ಲವನ್ನೂ ಒಂದೊಂದಾಗಿ ಅದಕ್ಕೆ ಏರಿಸುತ್ತಿದ್ದೀರಿ. ಅದೆಲ್ಲ ಪೂರ್ತಿಯಾಗಿ ಮುಗಿಲು ವರ್ಷ ಒಂದು ಶುರುವಾಗಲು ನಿಮಗೆ ಇನ್ನೂ ಒಂಬತ್ತು ಹತ್ತು ವರ್ಷವಿದೆ. ಅದನ್ನು ತಪ್ಪೆನ್ನಲು ನಾನು ಬರೆಯುತ್ತಿಲ್ಲ. ಮುಗಿಲು ಬಂದ ಮೊದಲ ಎರಡು ವರ್ಷ ನಿಜವಾಗಿ ಒಳ್ಳೆಯ ವರ್ಷಗಳು ಎಂದು ಹಳೆಯ ಹೆಂಗಸರು ಹೇಳುತ್ತಿದ್ದರು. ಸಿಟ್ಟಿಗೆ ಗೈರುಹಾಜರಿ ಹಾಕುವ ಸೂಪರ್‌ವೈಸರನ ಪೆನ್ನು ಮುರಿಯಿತು. ಬಸುರಿಯೊಬ್ಬಳು ಬೆಂಚಿನ ಮೇಲೆ ಎರಡು ಗಂಟೆ ಕಾಯದೆ ಮನೆಯಿಂದಲೇ ರಜೆ ಕೇಳಬಹುದಿತ್ತು, ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಯಾರ ಮಗಳು, ಯಾವ ಜಾತಿ, ಯಾರಿಗೆ ನಕ್ಕಳು ಎಂದು ಮುಗಿಲು ಕೇಳುತ್ತಿರಲಿಲ್ಲ. ಮೂರನೆಯ ವರ್ಷ ಎಚ್.ಆರ್. ಕೋಣೆಯ ಮೇಜು ಕುರ್ಚಿಗಳನ್ನು ಹೊರಗೆ ಸಾಗಿಸಿದಾಗ ಯಾರೂ ಬೇಸರಪಡಲಿಲ್ಲವಂತೆ. ಆ ಕೋಣೆಯಲ್ಲಿ ಈಗ ಗುಂಡಿಗಳ ಮೂಟೆಗಳಿವೆ.

ನಮ್ಮ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಎಡಗೈಯಲ್ಲಿ ಹುಣಸೆಬೀಜದಷ್ಟು ದೊಡ್ಡ, ಬಿಚ್ಚಲಾಗದ ಮಣಿ ಇರುತ್ತದೆ. ಬೆಳಗ್ಗೆ ಐದಕ್ಕೆ ಅದು ಹೆಸರು ಹಿಡಿದು ಎಬ್ಬಿಸುತ್ತದೆ, ಇವತ್ತು ಯಾವ ಹೊಲಿಗೆಮನೆಯ ಯಾವ ಯಂತ್ರ ಎಂದು ಹೇಳುತ್ತದೆ. ಗೇಟಿನಲ್ಲಿ ಕಾವಲುಗಾರನಿಲ್ಲ, ಮಣಿ ಕಂಡರೆ ಬಾಗಿಲು ತೆರೆಯುತ್ತದೆ. ಮಧ್ಯಾಹ್ನದ ಮುದ್ದೆಯ ಗಾತ್ರವನ್ನೂ ಮುಗಿಲೇ ತೀರ್ಮಾನಿಸುತ್ತದೆ. ಹಿಂದಿನ ದಿನ ಎಷ್ಟು ಹೊಲಿದಿರಿ ಎಂಬುದರ ಮೇಲೆ ಅದು ದೊಡ್ಡದು ಅಥವಾ ಚಿಕ್ಕದು. ಪ್ರತಿ ಯಂತ್ರದ ಸೂಜಿಯ ಪಕ್ಕ ಒಂದು ದೀಪವಿದೆ. ಅಳತೆಗಿಂತ ಹಿಂದೆ ಬಿದ್ದರೆ ಅದು ಕೆಂಪಾಗುತ್ತದೆ. ಪಾಳಿ ಮುಗಿಯುವಾಗಲೂ ಕೆಂಪಾಗಿಯೇ ಇದ್ದರೆ ಅದನ್ನು ಒಂದು ಬೀಳು ಎನ್ನುತ್ತೇವೆ. ವರ್ಷದಲ್ಲಿ ಮೂರು ಬೀಳು ಬಿದ್ದವರು ಬಿಡುವು ಪಟ್ಟಿಗೆ ಸೇರುತ್ತಾರೆ. ಹೆಸರು ಮೃದುವಾಗಿದೆ. ಅರ್ಥ ಇಷ್ಟೇ: ಅವರಿಗೆ ಎಲ್ಲಿಯೂ ಕೆಲಸವಿಲ್ಲ. ನಿಮ್ಮ ಕಾಲದಲ್ಲಿ ಒಂದು ಕಾರ್ಖಾನೆಯಲ್ಲಿ ಜಗಳವಾದರೆ ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ಹೊಸಬಳಾಗಿ ನಿಲ್ಲಬಹುದಿತ್ತು. ನಮ್ಮಲ್ಲಿ ಹೊಲಿಗೆಮನೆಗೂ ಅಕ್ಕಿ ಗಿರಣಿಗೂ ಆಸ್ಪತ್ರೆಯ ಕಸಬರಿಕೆಗೂ ಒಂದೇ ಮುಗಿಲು. ಎಲ್ಲಿಗೆ ಹೋದರೂ ನೀವು ಹೋಗುವ ಮೊದಲೇ ನಿಮ್ಮ ಕಡತ ಅಲ್ಲಿ ಇರುತ್ತದೆ.

ಆ ಅಳತೆಗೆ ಒಂದು ಹೆಸರಿತ್ತು. ಸುಕನ್ಯ. ಮುಗಿಲು ವರ್ಷ ಮೂರರಲ್ಲಿ ಇದೇ ನಾಲ್ಕನೆಯ ಹೊಲಿಗೆಮನೆಯಲ್ಲಿ ಆ ಹೆಸರಿನ ಕೆಲಸಗಾರ್ತಿಯೊಬ್ಬಳು ಹನ್ನೊಂದು ದಿನ, ಪಾಳಿಯ ಒಂಬತ್ತು ಗಂಟೆಯೂ ಯಂತ್ರ ನಿಲ್ಲಿಸದೆ, ಒಮ್ಮೆಯೂ ಎದ್ದು ಹೋಗದೆ ಹೊಲಿದಿದ್ದಳು. ಅಂಥವಳನ್ನು ಮುಗಿಲು ಅದಕ್ಕೆ ಮೊದಲು ಕಂಡಿರಲಿಲ್ಲ. ಅವಳ ಹನ್ನೊಂದು ದಿನವನ್ನೇ ಎಲ್ಲರ ಅಳತೆಯಾಗಿ ಇಟ್ಟಿತು. ಅವಳನ್ನು ಮೇಲುಸ್ತುವಾರಿಗೆ ಏರಿಸಿತು. ನಮ್ಮನ್ನು ಬೆಳಗ್ಗೆ ಎಬ್ಬಿಸುವ ದನಿಯೂ ಅವಳದೇ. ಗೇಟಿನ ಪಕ್ಕ ಒಂದು ಹಿತ್ತಾಳೆ ಫಲಕದಲ್ಲಿ ಆ ದಿನಗಳನ್ನು ನಿಮ್ಮ ಕ್ಯಾಲೆಂಡರಿನ ಲೆಕ್ಕದಲ್ಲೇ ಕೊರೆದಿದ್ದಾರೆ: ನವೆಂಬರ್ ಹನ್ನೆರಡರಿಂದ ಇಪ್ಪತ್ತೆರಡು.

ಅವಳ ಅಳತೆ ಮುಟ್ಟಬೇಕಾದರೆ ನೀವೂ ಏಳಬಾರದು. ಏಳದಿರಬೇಕಾದರೆ ನೀರು ಕುಡಿಯಬಾರದು. ನಮ್ಮಲ್ಲಿ ಇದನ್ನು ಒಣಪಾಳಿ ಎನ್ನುತ್ತಾರೆ. ಹಿಂದಿನ ಸಂಜೆಯಿಂದಲೇ ಬಾಯಿ ಒಣಗಿಸಿಕೊಂಡು ಕೆಲಸಕ್ಕೆ ಬರುವುದು. ನಮ್ಮವ್ವ ಪುಟ್ಟಲಕ್ಷ್ಮಿ ಇಪ್ಪತ್ತಾರು ವರ್ಷ ಹಾಗೆ ಹೊಲಿದಳು. ಕಳೆದ ವರ್ಷದಿಂದ ಅವಳ ಪಾದಗಳು ಊದುತ್ತಿದ್ದವು, ಮೂತ್ರದಲ್ಲಿ ರಕ್ತ ಬರುತ್ತಿತ್ತು. ಈ ವರ್ಷ ಮೊದಲ ತಿಂಗಳಲ್ಲೇ ಎರಡು ಬೀಳು ಬಿದ್ದಳು. ಇನ್ನೊಂದು ಬಿದ್ದರೆ ಅವಳು ಪಟ್ಟಿಯಲ್ಲಿ.

ಊಟದ ಹೊತ್ತಿನಲ್ಲಿ ಹೆಂಗಸರು ಇದನ್ನು ತಮಾಷೆ ಮಾಡುತ್ತಿದ್ದರು. ನಮ್ಮ ಲೈನಿನ ಕೆಂಪಿಯಕ್ಕ ಮುದ್ದೆ ಮುರಿಯುತ್ತಾ ಕೇಳುವಳು, “ಅಲ್ಲ ಕಣ್ರೇ, ಸುಕನ್ಯಮ್ಮಂಗೆ ಉಚ್ಚೆನೇ ಬತ್ತಿರ್ಲಿಲ್ವಾ?”

“ಬತ್ತಿತ್ತು ಕಣಕ್ಕ. ಕೊಡದಲ್ಲಿ ತುಂಬ್ಕಂಡು ಸಾಯಂಕಾಲ ಮನೇಗ್ ಹೊತ್ಕಂಡ್ ಹೋಯ್ತಿದ್ಲು,” ಎಂದು ಇನ್ನೊಬ್ಬಳು.

“ಅದ್ಕೂ ಬಡ್ತಿ ಕೊಟ್ರಾ?”

ಎಲ್ಲರೂ ನಗುವರು. ಅವ್ವ ಮಾತ್ರ ನಗುತ್ತಿರಲಿಲ್ಲ. “ಸುಮ್ಕಿರಿ. ಅವ್ಳೂ ನಮ್ಮಂಗೆ ಒಂದು ಹೆಣ್ಣು. ಅವ್ಳ ಕೈಲಾಯ್ತು, ನಮ್ ಕೈಲಾಗ್ತಿಲ್ಲ. ಅಷ್ಟೇಯ.”

ಆ ‘ಅಷ್ಟೇಯ’ ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಮುಗಿಲು ನಮ್ಮನ್ನು ಹೊಡೆದು ದುಡಿಸಿಕೊಳ್ಳುವುದಿಲ್ಲ. ಅದರ ಕೈಯಲ್ಲಿ ಇರುವುದು ಇದೊಂದೇ: ನಿಮ್ಮಂಥವಳೇ ಒಬ್ಬಳು ಮಾಡಿ ತೋರಿಸಿದ್ದಾಳೆ. ಈ ಮಾತಿನ ಮುಂದೆ ಹೆಂಗಸರು ತಲೆ ತಗ್ಗಿಸುತ್ತಿದ್ದರು. ತಮ್ಮ ಮೈಯನ್ನೇ ಬೈದುಕೊಳ್ಳುತ್ತಿದ್ದರು.

ಕಳೆದ ತಿಂಗಳು ಕರಪತ್ರಗಳ ಕಟ್ಟಿನ ಅಡಿಯಲ್ಲಿ ಬೇರೆ ಥರದ ಒಂದು ಕಾಗದ ಸಿಕ್ಕಿತು. ಸುತ್ತ ಕಪ್ಪು ಗೆರೆ, ಮೇಲೆ ಒಂದು ಹೆಣ್ಣಿನ ಚಿತ್ರ. ಹಲ್ಲು ಕಾಣುವಂತೆ ನಕ್ಕಿದ್ದಾಳೆ. ಅದು ತಿಥಿಯ ಕಾರ್ಡು. ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಈಗ ಆ ಪದ್ಧತಿಯಿಲ್ಲದ ಕಾರಣ ನಾನು ಎರಡು ಸಲ ಓದಬೇಕಾಯಿತು. ನಮ್ಮ ಮಗಳು ಸುಕನ್ಯ, ಇಪ್ಪತ್ತಾರು ವರ್ಷ, ನವೆಂಬರ್ ಹನ್ನೆರಡರ ಮಧ್ಯಾಹ್ನ ದೈವಾಧೀನಳಾದಳು. ಹನ್ನೊಂದನೆಯ ದಿನದ ಕಾರ್ಯ ಇಪ್ಪತ್ತೆರಡರಂದು. ಬಂಧುಗಳು ಬಂದು ಮೃತಳ ಆತ್ಮಕ್ಕೆ ಶಾಂತಿ ಕೋರಬೇಕು. ನಾನು ಕಾರ್ಡು ಹಿಡಿದು ಗೇಟಿನ ಫಲಕದ ಮುಂದೆ ನಿಂತೆ. ಅದೇ ತಿಂಗಳು. ಅದೇ ಹನ್ನೊಂದು ದಿನ. ಅರುವತ್ತೇಳು ವರ್ಷದಿಂದ ನಾವು ಒಂದು ಹೆಣದ ಜೊತೆ ಪಂದ್ಯ ಕಟ್ಟಿಕೊಂಡು ಹೊಲಿಯುತ್ತಿದ್ದೆವು.

ಮುಗಿಲು ಕಾಗದವನ್ನು ಒಪ್ಪುವುದಿಲ್ಲ. ಅದು ಒಪ್ಪುವುದು ಜೊತೆಸಾಕ್ಷಿಯನ್ನು ಮಾತ್ರ. ಅಂದರೆ, ಒಬ್ಬ ಕೆಲಸಗಾರ್ತಿಯ ಬಗ್ಗೆ ಮಾತಾಡಲು ಅವಳ ಲೈನಿನಲ್ಲೇ ಮಣಿ ತೊಟ್ಟು ಕೂತಿದ್ದವರಿಗೆ ಮಾತ್ರ ಅಧಿಕಾರ. ಈ ನಿಯಮ ನಮ್ಮದೇ ಎಂದು ಕರಪತ್ರಗಳಲ್ಲಿ ಓದಿ ನಾನು ಹೆಮ್ಮೆಪಟ್ಟಿದ್ದೆ. ತಮಗೆ ಆಗದವರನ್ನು ಕೆಲಸ ಬಿಟ್ಟವರು, ಸತ್ತವರು ಎಂದು ಸೂಪರ್‌ವೈಸರುಗಳು ಸುಳ್ಳು ಬರೆಸುತ್ತಿದ್ದ ಕಾಲದಲ್ಲಿ, ಸಂಘದವರು ನಲವತ್ತೊಂದು ದಿನ ಗೇಟಿನ ಮುಂದೆ ಕೂತು ಇದನ್ನು ಗೆದ್ದರು. ಮಣಿ ಕೆಲಸಗಾರ್ತಿಯ ಮೈಯನ್ನು ಓದಕೂಡದು ಎಂಬುದೂ ಅವರ ಬೇಡಿಕೆಯೇ. ಆದ್ದರಿಂದ ಮಣಿಗೆ ನಾಡಿ ಗೊತ್ತಾಗುವುದಿಲ್ಲ. ಎರಡೂ ನ್ಯಾಯವಾದ ಬೇಡಿಕೆಗಳು. ಇಂದಿಗೂ ಹಾಗೆಯೇ ಅನ್ನುತ್ತೇನೆ.

ಸುಕನ್ಯಳ ಲೈನಿನಲ್ಲಿ ಅವಳನ್ನು ಬಿಟ್ಟು ಆರು ಜನರಿದ್ದರು. ಐವರು ತೀರಿಕೊಂಡಿದ್ದರು. ಉಳಿದವಳು ಚೈತ್ರಜ್ಜಿ, ಎಂಬತ್ತೊಂಬತ್ತು ವರ್ಷ. ನಿಮ್ಮ ಕಾಲದ ಹುಡುಗಿಯರ ಹೆಸರುಗಳು ನಮಗೆ ಅಜ್ಜಿಯರ ಹೆಸರುಗಳು. ಹೊಳೆಯ ಕಡೆಗಿನ ಮುದುಕರ ಸಾಲಿನಲ್ಲಿ ಅವಳ ಒಂಟಿ ಕೋಣೆ. ನಾನು ಕಾರ್ಡನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಅದನ್ನು ಓದಲಿಲ್ಲ. ಚಿತ್ರದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡಳು.

“ಎಲ್ಲಿತ್ತು ಇದು?”

“ಮೇಜಿನ ಕಾಲಡಿ.”

“ನಾನೇ ತುರುಕಿದ್ದು,” ಎಂದಳು.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆಗಲೂ ಎದ್ದು ಹೋದ ನಿಮಿಷಗಳನ್ನು ಮುಗಿಲು ಎಣಿಸುತ್ತಿತ್ತು. ಆದರೆ ಆಗ ಮಣಿ ದಾರದಲ್ಲಿತ್ತು, ಬಿಚ್ಚಬಹುದಿತ್ತು. ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಏಳಬೇಕಾದವಳು ಮಣಿಯನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸಿ ಹೋಗುವಳು. ಅಕ್ಕಪಕ್ಕದವರು ಅವಳ ಬಂಡಲ್ ಎಳೆದುಕೊಂಡು ಸೂಜಿ ನಿಲ್ಲದಂತೆ ನೋಡಿಕೊಳ್ಳುವರು. ಇದಕ್ಕೆ ಕೈಬದಲಿ ಎನ್ನುತ್ತಿದ್ದರು. ಮಗುವಿಗೆ ಹಾಲು ಕೊಟ್ಟು ಬರುವವಳಿಗೆ, ಮುಟ್ಟಾದವಳಿಗೆ, ತಲೆ ಸುತ್ತಿದವಳಿಗೆ ಕೈಬದಲಿ. ಯಾರೂ ಕೇಳಿ ಮಾಡಿಸಿಕೊಳ್ಳಬೇಕಾಗಿರಲಿಲ್ಲ. ನವೆಂಬರ್ ಹನ್ನೆರಡರಂದು ಸುಕನ್ಯ ಬೆಳಗ್ಗೆಯಿಂದ ಹೊಟ್ಟೆ ಹಿಡಿದುಕೊಂಡೇ ಹೊಲಿದಳು. ಮಧ್ಯಾಹ್ನ ಮಣಿಯನ್ನು ಕೊಕ್ಕೆಗೆ ಹಾಕಿ ಹಿಂದಿನ ಮೆಟ್ಟಿಲಿಗೆ ಹೋದಳು. ಅಲ್ಲೇ ಬಿದ್ದಳು. ಇಬ್ಬರು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಪ್ರಾಣ ಹೋಯಿತು. ಒಳಗೆ ಅವಳ ಯಂತ್ರ ಓಡುತ್ತಲೇ ಇತ್ತು.

“ಅವತ್ತೇ ಯಾಕಜ್ಜಿ ಹೇಳ್ಲಿಲ್ಲ?”

“ಯಾರ್ಗೆ ಯೋಳದು? ಮೇಜೂ ಇರ್ಲಿಲ್ಲ, ಮೇಜಿನ ಹಿಂದೆ ಮನುಷ್ಯನೂ ಇರ್ಲಿಲ್ಲ. ಒಂದು ಯಂತ್ರ ಖಾಲಿ ಅಂತ ಗೊತ್ತಾದ್ರೆ ಮುಗಿಲು ಲೈನ್ ಒಡ್ದು ಒಬ್ಬೊಬ್ಬರ್ನ ಒಂದೊಂದ್ ಊರಿಗೆ ಎಸೀತಿತ್ತು. ನಾಕ್ ವರ್ಸ ಒಟ್ಗೆ ಕೂತಿದ್ವಿ ಕಣವ್ವ. ತಿಥಿ ಗಂಟ ನೋಡ್ಕಳಣ, ಆಮೇಲೆ ಅವ್ಳ ತಂಗಿನ ತಂದು ಕೂರ್ಸಣ ಅಂದ್ಕಂಡ್ವಿ.”

ಹನ್ನೊಂದು ದಿನ ಆರು ಜನ ಸರದಿಯ ಮೇಲೆ ಅವಳ ಜಾಗದಲ್ಲಿ ಕೂತರು. ಒಬ್ಬಳು ಎದ್ದ ಕೂಡಲೇ ಇನ್ನೊಬ್ಬಳು. ಅಳುತ್ತಾ ಹೊಲಿದರು. ಕೊನೆಯ ದಿನ ಮೂವರು ತಿಥಿಯ ಊಟಕ್ಕೆ ಹೋಗಿ ಎಲೆಯ ಮುಂದೆ ಕೂತಿದ್ದಾಗ ಉಳಿದ ಮೂವರು ಅವಳ ಸೂಜಿ ಓಡಿಸುತ್ತಿದ್ದರು. ಅದರ ಮರುದಿನ ಮುಗಿಲು ಸುಕನ್ಯಳನ್ನು ಎಲ್ಲ ಹೊಲಿಗೆಮನೆಗಳಲ್ಲಿ ಮೊದಲನೆಯವಳೆಂದು ಸಾರಿತು. ಮೇಲುಸ್ತುವಾರಿಗೆ ಏರಿಸಿತು. ಆ ಕೆಲಸಕ್ಕೆ ಮೈ ಬೇಕಿರಲಿಲ್ಲ. ಖಾಲಿಯಾದ ಯಂತ್ರಕ್ಕೆ ತಂಗಿ ಬಂದಳು. ಲೈನು ಉಳಿಯಿತು. ಆರು ಜನವೂ ಬಾಯಿ ಮುಚ್ಚಿಕೊಂಡರು.

“ಈಗ ಬಂದು ಹೇಳಿ,” ಎಂದೆ. ಎಷ್ಟು ತಲೆಮಾರಿನ ಹೆಂಗಸರು ಈ ಸುಳ್ಳಿನ ಕೆಳಗೆ ನಲುಗಿದ್ದಾರೆ, ಸತ್ಯವನ್ನು ಬಚ್ಚಿಡುವವರೂ ಶೋಷಕರ ಜೊತೆಗಾರರೇ ಎಂದೆಲ್ಲ ಹೇಳಿದೆ.

“ಕರಪತ್ರ ಓದ್ದಂಗೆ ಮಾತಾಡ್ತೀಯಲ್ಲೇ. ಒಸಿ ಉಸ್ರು ತಕ್ಕಂಡು ಮಾತಾಡು.” ಹೊಳೆಯ ಕಡೆ ತಿರುಗಿ ಕೂತಳು. “ಅವ್ಳೊಬ್ಳೇ ಮುಗಿಲ್ ಜೊತೆ ಮನುಷ್ಯರ ಥರ ಮಾತಾಡ್ತಿದ್ದವ್ಳು. ರಜ ಕೇಳಕ್ ಹೋದ್ರೂ ಊಟ ಆಯ್ತಾ ಅಂತ ಅದನ್ನೇ ಕೇಳ್ತಿದ್ಲು. ಅದ್ಕೇಯ ಅದ್ಕೆ ಅವ್ಳ ದನಿ ಸಿಕ್ತು. ದಿನಾ ಬೆಳಗ್ಗೆ ‘ಚೈತ್ರಾ, ಎದ್ದೇನೇ’ ಅಂತಾಳೆ. ಒಂದಿನ ತಪ್ಸಿಲ್ಲ. ಗಂಡ ಹೋದ, ಮಗ ಹೋದ, ಅವ್ಳ್ ಹೋಗ್ಲಿಲ್ಲ. ನಿಂಗೆ ನಿಮ್ಮವ್ವ ಅವ್ಳೆ. ನಂಗ್ಯಾರವ್ರೆ? ಎರಡನೇ ಸಲ ಅವ್ಳನ್ನ ಸಾಯ್ಸು ಅಂತೀಯ.”

ಯಾವ ಕರಪತ್ರದಲ್ಲೂ ಅದಕ್ಕೆ ಉತ್ತರ ಬರೆದಿರಲಿಲ್ಲ. ಆದರೂ ನಾನು ದಿನವೂ ಹೋದೆ. ನಾಲ್ಕನೆಯ ದಿನ ನನ್ನನ್ನು ಹುಡುಕಿಕೊಂಡು, ಹೆಸರು ಕೂಗುತ್ತಾ ಅವ್ವನೇ ಅಲ್ಲಿಗೆ ಬಂದಳು.

“ಬಾರೇ ತೊರೆ, ವಯಸ್ಸಾದವ್ರನ್ನ ಯಾಕ್ ಗೋಳ್ ಹುಯ್ಕತೀಯೆ,” ಎಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಲೋಟ ನೀರು ತಂದುಕೊಟ್ಟಳು.

“ಬ್ಯಾಡಜ್ಜಿ. ನಾಳೆ ಪಾಳಿ ಅದೆ.”

“ಒಂದ್ ಗುಟುಕು.”

“ಒಂದ್ ಗುಟುಕು ಕುಡುದ್ರೆ ಇನ್ನೊಂದ್ ಕೇಳ್ತದೆ. ಬ್ಯಾಡಿ.”

ಅಜ್ಜಿ ಆ ಲೋಟವನ್ನು ಕೆಳಗಿಟ್ಟಳು. “ಅವ್ಳೂ ಅವತ್ತು ನನ್ ಕೈಲಿ ನೀರು ಈಸ್ಕಳ್ಳಿಲ್ಲ,” ಎಂದಳು. ಆಮೇಲೆ ಬಾಗಿಲ ಹಿಂದಿನ ಚಪ್ಪಲಿ ಮೆಟ್ಟಿಕೊಂಡಳು.

ಅಹವಾಲು ಗೋಡೆ ಎಂಬುದು ಹೊಲಿಗೆಮನೆಯ ಅಂಗಳದಲ್ಲಿದೆ. ಮಣಿಯನ್ನು ಗೋಡೆಗೆ ಒತ್ತಿದರೆ ಮುಗಿಲು ಕೇಳಿಸಿಕೊಳ್ಳುತ್ತದೆ, ಮಾತಾಡುತ್ತದೆ. ಅವತ್ತು ಸಂಜೆ ಪಾಳಿ ಬಿಟ್ಟು ಹೋಗುತ್ತಿದ್ದ ಹೆಂಗಸರು ನಮ್ಮನ್ನು ಕಂಡು ನಿಂತರು. ಅಜ್ಜಿ ಮಣಿ ಒತ್ತಿದಳು. ಸುಕನ್ಯಳ ದನಿ, ಇಪ್ಪತ್ತಾರು ವರ್ಷದ ತಿಳಿಯಾದ ದನಿ, ಅಹವಾಲು ಏನೆಂದು ಕೇಳಿತು. ಸುಕನ್ಯ ಎಂಬ ಕೆಲಸಗಾರ್ತಿ ತೀರಿಕೊಂಡಿದ್ದಾಳೆ ಎಂದು ಅಜ್ಜಿ ಹೇಳಿದಳು. ಯಾವ ದಿನ ಎಂದು ದನಿ ಕೇಳಿ, ಉತ್ತರ ಪಡೆದು, ಆ ದಿನದ ನಂತರ ಆ ಯಂತ್ರದಲ್ಲಿ ಯಾರು ಹೊಲಿದರೆಂದು ಕೇಳಿತು. ಅಜ್ಜಿ ಆರು ಹೆಸರುಗಳನ್ನು ಹೇಳಿದಳು. ಕೊನೆಯದು ತನ್ನದೇ. ಯಾರ್ಯಾರು ದಿನಕ್ಕೆ ಎಷ್ಟು ಸಲ ಎದ್ದು ಕೂತರೆಂದು ಅದು ಕೇಳಿತು. ಅದಕ್ಕೂ ಉತ್ತರ ಕೊಟ್ಟಳು. ಅಳುತ್ತಲೇ ಹೇಳಿದಳು, ಲೆಕ್ಕ ಮಾತ್ರ ತಪ್ಪಲಿಲ್ಲ.

“ಸುಕನ್ಯ ಇನ್ನು ಮುಂದೆ ಇಲ್ಲವೆಂದು ದಾಖಲಿಸಲೇ?” ಎಂದು ಸುಕನ್ಯ ಕೇಳಿದಳು.

“ಬರ್ಕಳೇ,” ಎಂದಳು ಅಜ್ಜಿ. “ನಾನೇ ಅಲ್ವಾ ನಿನ್ ಕಾಲು ಹಿಡ್ದು ಆಟೋಕ್ ಹತ್ಸಿದ್ದು. ಬರ್ಕೋ.”

ದನಿ ನಿಂತಿತು. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳು ಅಳಲು ಶುರುಮಾಡಿದಳು. ನೋಡಿದರೆ ಕೆಂಪಿಯಕ್ಕ. “ನಾನ್ ಎಷ್ಟ್ ಬೈದಿದ್ದೀನಿ ಅವ್ಳಿಗೆ,” ಎಂದಳು.

ನಾನು ಗೆದ್ದೆ ಎಂದುಕೊಂಡೆ. ಅವ್ವನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಸತ್ತವಳ ಅಳತೆಯನ್ನು ಮುಗಿಲು ತೆಗೆದುಹಾಕಿತು. ಅವಳ ಜಾಗದಲ್ಲಿ ಆ ಹನ್ನೊಂದು ದಿನ ಕೂತಿದ್ದವರಲ್ಲಿ ಬದುಕಿರುವವಳ ಅಳತೆಯನ್ನು ಇಟ್ಟಿತು. ಚೈತ್ರ ದಿನಕ್ಕೆ ಆರು ಸಲ ಎದ್ದಿದ್ದಳು. ಆದ್ದರಿಂದ ಈಗ ಎಲ್ಲರೂ ಆರು ಸಲ ಏಳಬಹುದು. ಕೂತಾಗ ಕೈ ಮೊದಲಿಗಿಂತ ಚುರುಕಾಗಿ ಓಡಬೇಕು, ಏಕೆಂದರೆ ಚೈತ್ರ ತನ್ನ ಪಾಲಿನ ಜೊತೆ ಸತ್ತವಳ ಪಾಲಿನ ಆರರಲ್ಲಿ ಒಂದು ಭಾಗವನ್ನೂ ಹೊಲಿದಿದ್ದಳು. ಆದರೂ ಅವ್ವ ಮರುದಿನ ಪಾಳಿಯ ನಡುವೆ ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು. ಗಟಗಟ ಶಬ್ದ ಲೈನಿಗೆಲ್ಲ ಕೇಳಿಸಿತು. ಅವಳ ದೀಪ ಆಮೇಲೆ ಕೆಂಪಾಗಿಲ್ಲ. ಪಾದದ ಊತ ಇಳಿಯುತ್ತಿದೆ.

ಆದರೆ ಅದೇ ಬೆಳಗ್ಗೆ ಐದಕ್ಕೆ ನಮ್ಮನ್ನು ಎಬ್ಬಿಸಿದ್ದು ಬೇರೆ ದನಿ. ಒಡಕು, ಮುದಿ, ಅತ್ತು ಕಟ್ಟಿದ ದನಿ. ಹಿಂದಿನ ಸಂಜೆ ಅಜ್ಜಿ ಗೋಡೆಗೆ ಹೇಳಿದ ಮಾತುಗಳಿಂದಲೇ ಮುಗಿಲು ಅದನ್ನು ತೆಗೆದುಕೊಂಡಿತ್ತು. ಎಲ್ಲ ಹೊಲಿಗೆಮನೆಗಳ ಸಾವಿರಾರು ಕೋಣೆಗಳಲ್ಲಿ ಚೈತ್ರಜ್ಜಿ ಒಂದೇ ಸಲಕ್ಕೆ ಅಳುವ ದನಿಯಲ್ಲಿ ಏಳಿ ಎಂದಳು. ನಾನು ಹೊಳೆಯ ಸಾಲಿಗೆ ಓಡಿದೆ. ಅಜ್ಜಿ ಹಾಸಿಗೆಯ ಮೇಲೆ ಕೂತು ತನ್ನ ಕೈಯ ಮಣಿಯನ್ನು ನೋಡುತ್ತಿದ್ದಳು.

“ನನ್ ದನಿನೇ ನಂಗೆ ಎದ್ದೇಳು ಅಂತದೆ ಕಣೇ,” ಎಂದಳು. “ಅವ್ಳು ಕೇಳ್ದಾಗ ಎದ್ದೆ ಕಣೇ ಅಂತಿದ್ದೆ. ಇವ್ಳಿಗೆ ಏನನ್ನದು?”

ನಾನು ಕ್ಷಮೆ ಕೇಳಿದೆ. ಅವಳು ಕೈ ಆಡಿಸಿದಳು. “ನೀರು ಕುಡುದ್ಲಾ ನಿಮ್ಮವ್ವ? ಕುಡುದ್ಲಲ್ಲ. ಬುಡು ಹಂಗಾದ್ರೆ. ನಂದೊಂದ್ ಮಾತು. ನಾನು ಹೋದ ದಿನವೇ ಹೋಗಿ ಯೋಳ್ಬುಡು. ತಿಥಿ ಗೀತಿ ಅಂತ ಕಾಯ್ಬ್ಯಾಡ. ಬಾಗ್ಲು ಹಾಕ್ದಂಗೆ ಸಾಯ್ಬೇಕು ನಾನು.”

ನಾನು ಮಾತು ಕೊಟ್ಟೆ.

ಚೈತ್ರಜ್ಜಿ ಇವತ್ತು ಬೆಳಗ್ಗೆ ತೀರಿಕೊಂಡಳು. ಮಣಿ ಎಬ್ಬಿಸುವ ಮೊದಲೇ ಇರಬೇಕು. ನಾನು ಹೋದಾಗ ಮೈ ತಣ್ಣಗಿತ್ತು, ಮಣಿ ಅವಳ ಕೈಯಲ್ಲಿ ಅವಳದೇ ದನಿಯಲ್ಲಿ ಅವಳನ್ನು ಕರೆಯುತ್ತಿತ್ತು. ಅವ್ವನನ್ನು ಅಜ್ಜಿಯ ಹತ್ತಿರ ಕೂರಿಸಿ ನಾನು ನೇರವಾಗಿ ಅಹವಾಲು ಗೋಡೆಗೆ ಹೋದೆ. ಚೈತ್ರ ಎಂಬ ಕೆಲಸಗಾರ್ತಿ ತೀರಿಕೊಂಡಿದ್ದಾಳೆ ಎಂದೆ. ನಾನು ಚೈತ್ರಳ ಲೈನಿನಲ್ಲಿ ಮಣಿ ತೊಟ್ಟಿದ್ದೆನೇ ಎಂದು ದನಿ ಕೇಳಿತು. ಇಲ್ಲ ಎಂದೆ. ಹಾಗಾದರೆ ಆ ಲೈನಿನವರು ಯಾರಾದರೂ ಬಂದು ಹೇಳಬೇಕೆಂದಿತು. ಅವರಲ್ಲಿ ಯಾರೂ ಉಳಿದಿಲ್ಲ, ಆಮೇಲೆ ಬಂದು ಕೂತ ಸುಕನ್ಯಳ ತಂಗಿಯೂ ತೀರಿಕೊಂಡಿದ್ದಾಳೆ ಎಂದೆ. ದಾಖಲೆಯ ಪ್ರಕಾರ ಒಬ್ಬರು ಉಳಿದಿದ್ದಾರೆ ಎಂದಿತು. ಚೈತ್ರ ಅವರೇ ಬಂದು ಹೇಳಬಹುದು ಎಂದು ಚೈತ್ರಜ್ಜಿಯ ದನಿ ನನಗೆ ತಿಳಿಸಿತು.

ಪ್ರತಿ ಲೈನಿನ ಕೊನೆಯವಳು ಮುಗಿಲಿನಲ್ಲಿ ಸಾಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಎಷ್ಟು ಲೈನುಗಳಿದ್ದವೋ ಅಷ್ಟು ಹೆಂಗಸರು ಅಲ್ಲಿ ಇದ್ದಾರೆ. ಯಾರೂ ಬಂದು ಅವರನ್ನು ಇಲ್ಲವೆನ್ನುವಂತಿಲ್ಲ. ಅವರ ಹೆಸರಿಗೆ ಪಾಳಿ ಬೀಳುತ್ತಿದೆ. ಅವರಿಗೆ ದಿನವೂ ಮುದ್ದೆಯ ಗಾತ್ರ ನಿಗದಿಯಾಗುತ್ತಿದೆ. ನಮ್ಮ ಸಂಘದವರು ಬಿಸಿಲಲ್ಲಿ ಕೂತು ಗೆದ್ದ ನಿಯಮದಲ್ಲಿ ಇದೊಂದನ್ನು ಯೋಚಿಸಿರಲಿಲ್ಲ. ಸೂಪರ್‌ವೈಸರನ ಸುಳ್ಳಿನ ವಿರುದ್ಧ ಕಟ್ಟಿದ ಗೋಡೆ ಅದು. ನಾವೂ ಒಂದು ದಿನ ಅದರ ಹೊರಗೆ ನಿಂತು ಬಾಗಿಲು ಬಡಿಯುತ್ತೇವೆಂದು ಅವರು ಹೇಗೆ ಊಹಿಸಿಯಾರು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮುಗಿಲಿಗೆ ನಿಯಮಗಳನ್ನು ಬರೆದುಕೊಡುತ್ತಿರುವವರು ನೀವು. ಮೇಜಿನ ಹಿಂದೆ ಕೂತವರಲ್ಲಿ ನನ್ನ ಕೋರಿಕೆ ಒಂದೇ ಒಂದು ಸಾಲು. ಒಬ್ಬರು ಸತ್ತರೆಂದು ಹೇಳಲು ಅವರನ್ನು ಬಲ್ಲ ಯಾವನೇ ಒಬ್ಬ ಮನುಷ್ಯ ಸಾಕು, ಅದನ್ನು ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಕೂತಿರಲೇಬೇಕು ಎಂದು ಬರೆಯಿರಿ. ನಿಮ್ಮ ಕುರ್ಚಿಯನ್ನು ಹೊರಗೆ ಸಾಗಿಸಲು ಬಂದರೆ ಏಳಬೇಡಿ. ನಿಮ್ಮನ್ನು ನಾವು ಬೈಯುತ್ತಿದ್ದೆವು, ನಿಮ್ಮ ಮೇಲೆ ಕರಪತ್ರ ಅಚ್ಚು ಹಾಕಿಸುತ್ತಿದ್ದೆವು. ಈಗಲೂ ಬೈಯುತ್ತೇವೆ. ಆದರೂ ಅಲ್ಲಿ ಕೂತಿರಿ.

ಬೆಂಚಿನ ಮೇಲೆ ಕೂತಿರುವ ಅಕ್ಕತಂಗಿಯರೇ, ನಿಮ್ಮಲ್ಲಿ ಕೇಳುವುದು ಇನ್ನೂ ಕಷ್ಟದ್ದು. ನಿಮ್ಮ ಲೈನಿನಲ್ಲಿ ಒಬ್ಬಳು ಬಿದ್ದ ದಿನ ಅವಳ ಯಂತ್ರದಲ್ಲಿ ಕೂರಬೇಡಿ. ಪ್ರೀತಿಗೂ ಕೂರಬೇಡಿ. ಎಲ್ಲ ಸೂಜಿಗಳನ್ನೂ ನಿಲ್ಲಿಸಿ, ಅವಳ ಜೊತೆ ಹೊರಗೆ ನಡೆಯಿರಿ. ಲೈನು ಒಡೆದರೆ ಒಡೆಯಲಿ. ಲೆಕ್ಕ ಹಾಕಿ ನೋಡಿದೆ: ಚೈತ್ರ ಎಂಬ ಹುಡುಗಿಗೆ ಈಗ ನಿಮ್ಮ ನಡುವೆ ಹತ್ತೋ ಹನ್ನೊಂದೋ ವಯಸ್ಸು. ಶಿಂಷೆಯ ಈಚೆ ದಡದ ಯಾವುದೋ ಶಾಲೆಯಲ್ಲಿ ಕೂತಿರಬಹುದು. ಅವಳನ್ನು ಕಂಡರೆ ಏನೂ ಹೇಳಿ ಹೆದರಿಸಬೇಡಿ.

ಇವತ್ತು ಮಧ್ಯಾಹ್ನ ಚೈತ್ರಜ್ಜಿಯನ್ನು ಮಣ್ಣು ಮಾಡಿದೆವು. ಮಣಿ ಬಿಚ್ಚಲು ಬರಲಿಲ್ಲ, ಅದರ ಸಮೇತ ಮಾಡಿದೆವು. ನಾಳೆ ಬೆಳಗ್ಗೆ ಐದಕ್ಕೆ ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಮಣ್ಣಿನ ಕೆಳಗೆ ತನ್ನನ್ನೂ ಕರೆದುಕೊಳ್ಳುತ್ತಾಳೆ. ನಾನು ಎದ್ದು ಗೋಡೆಯ ಹತ್ತಿರ ಹೋಗಿ, ಅವಳು ಸತ್ತಿದ್ದಾಳೆ ಎಂದು ಮತ್ತೆ ಹೇಳುತ್ತೇನೆ.

ಪುಟ್ಟಲಕ್ಷ್ಮಿಯ ಮಗಳು
ತೊರೆ